ನಾನೂರು ಜನರ ಕ್ಲಬ್ಬು

ರಾಮಮೂರ್ತಿ ನಗರ
೧೪ ಸೆಪ್ಟೆಂಬರ್ ೨೦೦೬, ಗುರುವಾರ

ತೀರ್ಥರೂಪು ಅಪ್ಪನಿಗೆ,

ಹಂಸ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೂತೆ. ಆ ಸಾಲು ಮಾತ್ರ ಪೆನ್ನಿನಿಂದ ಇಳಿಯಲಿಲ್ಲ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಹಲಸೂರು ಇಲ್ಲಿಂದ ಒಂದು ಬಸ್ಸಿನ ದಾರಿ. ಇಷ್ಟು ಹತ್ತಿರ ಇದ್ದುಕೊಂಡು ಕಾಗದ ಯಾಕೆ ಎಂದು ಅಮ್ಮ ಕೇಳಬಹುದು. ಹೋದ ವಾರ ಬುಧವಾರ ನಿಮ್ಮೆದುರು ನಿಂತು ನೋಡಿದ್ದಾಯಿತಲ್ಲ. ನಾಲ್ಕು ಮಾತಾಡುವಷ್ಟರಲ್ಲಿ ನೀವು ದನಿ ಎತ್ತಿದಿರಿ, ನಾನು ಅತ್ತೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಕಾಗದದ ಮೇಲೆ ನೀವು ಅಡ್ಡಬಾಯಿ ಹಾಕುವ ಹಾಗಿಲ್ಲ. ನಾನೂ ಎಲ್ಲವನ್ನೂ ಪೂರ್ತಿಯಾಗಿ ಹೇಳಬಹುದು.

ನನಗೆ ಹೇಗೆ ಗೊತ್ತಾಯಿತು ಎಂದು ನೀವು ಸರಿಯಾಗಿ ಕೇಳಲೂ ಇಲ್ಲ. ಅದರ ಹಿಂದಿನ ದಿನ, ಮಂಗಳವಾರ, ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಶಿವಾಜಿನಗರಕ್ಕೆ ಹೋಗಿದ್ದೆ. ಕ್ಲಬ್ಬಿನ ಫುಟ್ಬಾಲ್ ಹುಡುಗರಿಗೆ ಹದಿನಾರು ಹಳದಿ ಅಂಗಿ ಹೊಲಿಸಬೇಕಿತ್ತು. ಸನಾವುಲ್ಲಾ ಚಾಚಾ ಬಿಟ್ಟರೆ ಆ ಹಳದಿ ಬೇರೆ ಯಾರಿಗೂ ಬರುವುದಿಲ್ಲ. ಅವರು ಜಂಟಿ ಕಾರ್ಯದರ್ಶಿ ಆಗಿದ್ದಷ್ಟು ಕಾಲ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು, ನಮ್ಮ ಕೆರೆ ಕ್ಲಬ್ಬಿನ ಇಂಗ್ಲಿಷ್ ಪತ್ರಗಳನ್ನೆಲ್ಲ ಅವರೇ ಬರೆಯುತ್ತಿದ್ದರು. ಈಗ ಕಣ್ಣು ಮಂಜು. ಮಷೀನಿನ ಮೇಲೆ ಬಗ್ಗಿ ಕೂತಿದ್ದವರು ತಲೆ ಎತ್ತದೆಯೇ ಕೇಳಿದರು, "ದುರ್ಗೇಶನ ಮೊಣಕಾಲು ಹೆಂಗಿದೆ ಅಮ್ಮಾ?"

ಚಳಿ ಬಂದರೆ ಇವರಿಗೆ ಮನೆಯ ಮೆಟ್ಟಿಲು ಹತ್ತುವುದೂ ಕಷ್ಟ ಎಂದೆ.

ಅವರು ಮಷೀನು ನಿಲ್ಲಿಸಿದರು. "ನಾವು ಬರೆದ ಸುಳ್ಳೇ ಅವನಿಗೆ ತಗುಲಿಕೊಳ್ತು ಅಂತ ದಿನಾ ಅಂದ್ಕೋತೀನಿ" ಎಂದರು.

ಯಾವ ಸುಳ್ಳು ಎಂದು ಕೇಳಿದೆ. ಅವರ ಮುಖ ನೀವು ನೋಡಬೇಕಿತ್ತು. "ಯಾ ಅಲ್ಲಾ, ನಿಮಗೆ ಅಪ್ಪ ಹೇಳೇ ಇಲ್ವಾ? ಮದುವೆ ಆದ್ಮೇಲೂ ಹೇಳಿಲ್ವಾ?" ಎಂದರು. ಆಮೇಲೆ ಮಾತು ತೇಲಿಸಲು ನೋಡಿದರು. ನಾನು ಬಿಡಲಿಲ್ಲ. ಕೊನೆಗೆ ಅಟ್ಟದ ಮೇಲಿಂದ ಒಂದು ಫೈಲು ಇಳಿಸಿ, ಧೂಳು ಒರೆಸಿ, ಎರಡು ಹಾಳೆ ನನ್ನ ಮುಂದಿಟ್ಟರು.

ಒಂದು ಫೆಡರೇಷನ್ನಿನಿಂದ ನಮ್ಮ ಕ್ಲಬ್ಬಿಗೆ ಬಂದದ್ದು. ದೇಶದ ತಂಡದ ತರಬೇತಿ ಶಿಬಿರಕ್ಕೆ ನಿಮ್ಮ ಆಟಗಾರ ದುರ್ಗೇಶ ಆಯ್ಕೆಯಾಗಿದ್ದಾರೆ, ೧೬ ಏಪ್ರಿಲ್ ೧೯೯೭ಕ್ಕೆ ಕಲ್ಕತ್ತಾದಲ್ಲಿ ಹಾಜರಾಗಬೇಕು. ಇನ್ನೊಂದು ನಮ್ಮ ಕ್ಲಬ್ಬು ಕಳಿಸಿದ ಉತ್ತರದ ಕಾರ್ಬನ್ ಪ್ರತಿ. ಆಟಗಾರನ ಮೊಣಕಾಲಿಗೆ ಪೆಟ್ಟಾಗಿದೆ, ಆರು ವಾರ ವಿಶ್ರಾಂತಿ ಬೇಕು. ಅದರ ಕೆಳಗೆ ಇನ್ನೊಂದು ಸಾಲು. ಆಟಗಾರನಿಗೆ ಶಿಬಿರಕ್ಕೆ ಬರುವ ಇಚ್ಛೆಯೂ ಇಲ್ಲ. ಅದರ ಕೆಳಗೆ ನಿಮ್ಮ ಸಹಿ, ಮುನಿಆಂಜನಪ್ಪ, ಗೌರವ ಕಾರ್ಯದರ್ಶಿ. ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ನೀವು ಹಾಕುತ್ತಿದ್ದ ಅದೇ ಸಹಿ.

"ಮೊಣಕಾಲು ಅಂತ ಬರೆದ್ರೆ ಸಾಕು ಅಂದೆ ಅಮ್ಮಾ. ಆ ಎರಡನೇ ಮಾತು ನಿಮ್ಮಪ್ಪನೇ ಹೇಳಿ ಬರೆಸಿದ್ರು. ಅದನ್ನ ಓದಿದೋರು ಇನ್ಯಾವತ್ತೂ ಆ ಹುಡುಗನ್ನ ಕರೀತಾರಾ?" ಎಂದರು ಚಾಚಾ.

ಅಪ್ಪ, ನಿಮ್ಮ ಮೇಲೆ ನನಗೆ ಎಂಥ ನಂಬಿಕೆ ಇತ್ತು ಎಂದು ನಿಮಗೆ ಗೊತ್ತಿಲ್ಲವೇನೋ. ಏಳು ವರ್ಷದವಳಿದ್ದಾಗಿನಿಂದ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಶೋಕನಗರದ ಸ್ಟೇಡಿಯಮ್ಮಿಗೆ ಕರೆದೊಯ್ಯುತ್ತಿದ್ದಿರಿ. ಇಡೀ ಗ್ಯಾಲರಿಯಲ್ಲಿ ಎರಡು ಜಡೆಯವಳು ನಾನೊಬ್ಬಳೇ. ತಮಿಳಿನಲ್ಲಿ, ಉರ್ದುವಿನಲ್ಲಿ ಹೇಗೆ ಬೈಯಬೇಕು ಎಂದು ಅಲ್ಲೇ ಕಲಿತೆ. ನಾನು ಮೈನೆರೆದ ಮೇಲೆ ದೊಡ್ಡಪ್ಪ ಮನೆಗೆ ಬಂದು, "ಹೆಣ್ಣುಮಗೂನ ಆ ಪೋಲಿಗಳ ನಡುವೆ ಕೂರಿಸ್ತೀಯೇನೋ?" ಎಂದು ಕೂಗಾಡಿದಾಗ, "ಅವಳು ಕ್ಲಬ್ಬಿನ ಮೆಂಬರ್ ಕಣಣ್ಣ, ಅವಳ ಜಾಗ ಯಾರೂ ಕಿತ್ಕೊಳ್ಳಂಗಿಲ್ಲ" ಎಂದಿರಿ. ಆ ದಿನ ನನಗೆ ನೀವು ದೇವರಿಗಿಂತ ಒಂದು ಕೈ ಮೇಲೆ.

ಇವರನ್ನು ಕ್ಲಬ್ಬಿಗೆ ತಂದವರೂ ನೀವೇ. ಶಹಾಪುರದ ಕಡೆಯಿಂದ ಬಂದ ಜನ ಇಂದಿರಾನಗರದಲ್ಲಿ ಮನೆ ಕಟ್ಟುವ ಕೆಲಸಕ್ಕಿದ್ದರು. ಇವರ ತಾಯಿ ಜಟ್ಟೆಮ್ಮ ಇಟ್ಟಿಗೆ ಹೊರುತ್ತಿದ್ದರು, ಹದಿನೇಳರ ಮಗ ಸಿಮೆಂಟು ಕಲಸುತ್ತಿದ್ದ. ಸಂಜೆ ಹೊಸ ತಿಪ್ಪಸಂದ್ರದ ಬಯಲಿನಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡೇ ಆ ಮಗ ಚೆಂಡು ಒದ್ದದ್ದನ್ನು ಕಂಡು ನೀವು ಸ್ಕೂಟರ್ ನಿಲ್ಲಿಸಿದಿರಿ. ಮನೆಗೆ ಬಂದವರೇ ಕೈಕಾಲು ಕೂಡ ತೊಳೆಯದೆ, "ಆಂಜನಮ್ಮಾ, ಒಂದು ಎಡಗಾಲು ಸಿಕ್ಕಿದೆ ಕಣೇ! ಇಂಥದು ಇಡೀ ಬೆಂಗಳೂರಲ್ಲಿಲ್ಲ. ಇನ್ಮೇಲೆ ಅದು ನಮ್ಮದು" ಎಂದು ಅಮ್ಮನಿಗೆ ಹೇಳಿದಿರಿ. ಒಂದು ವಾರದೊಳಗೆ ಬೂಟು ಬಂತು. ತಿಂಗಳೊಳಗೆ ಅವರಿಗೆ ರಾಮಮೂರ್ತಿ ನಗರದಲ್ಲಿ ಬಾಡಿಗೆಗೆ ಕೋಣೆ ಹುಡುಕಿಕೊಟ್ಟಿರಿ. ಪ್ರಾಕ್ಟೀಸ್ ಮುಗಿಸಿ ನಮ್ಮ ಮನೆಯಲ್ಲೇ ಊಟ. ಎರಡು ಮುದ್ದೆ ಉಂಡು, ಮೂರನೆಯದಕ್ಕೆ ನಾಚಿಕೊಂಡು ಕೂತಿರುತ್ತಿದ್ದ ಹುಡುಗನ ತಟ್ಟೆಗೆ ನೀವೇ ಕೈಯಾರೆ ಹಾಕುತ್ತಿದ್ದಿರಿ. ಅವೆಲ್ಲ ನಾಟಕ ಎಂದು ನಾನು ಹೇಳುವುದಿಲ್ಲ. ನಾಟಕವಾಗಿದ್ದರೆ ನಿಮ್ಮನ್ನು ಬೈದು ಸುಮ್ಮನಾಗುತ್ತಿದ್ದೆ.

ತೊಂಬತ್ತೇಳರ ಫೆಬ್ರವರಿಯಲ್ಲಿ ರಾಜ್ಯದ ತಂಡದಲ್ಲಿ ಆಡಿ ಬಂದರಲ್ಲ, ಆಗ ಆಯ್ಕೆದಾರರೊಬ್ಬರು ಇವರ ಬೆನ್ನು ತಟ್ಟಿ, ಏಪ್ರಿಲ್‌ನಲ್ಲಿ ಕ್ಯಾಂಪಿಗೆ ಕರೆಯುತ್ತೇವೆ, ಸಿದ್ಧವಾಗಿರು ಎಂದಿದ್ದರಂತೆ. ಇವರು ಆ ಮಾತನ್ನು ಇಬ್ಬರಿಗೆ ಮಾತ್ರ ಹೇಳಿದರು. ಒಬ್ಬರು ಅವರ ತಾಯಿ. ಇನ್ನೊಬ್ಬಳು ನಾನು. ಆಗ ನಮ್ಮಿಬ್ಬರ ವಿಷಯ ನಿಮಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಇವರು ಆಣೆ ಹಾಕಿಸಿಕೊಂಡಿದ್ದರು. ನಾನು ಆಣೆ ಮುರಿದೆ. ಗ್ಯಾಲರಿಯಲ್ಲಿ ನಿಮ್ಮ ಪಕ್ಕ ಕೂತು, ಸಂತೋಷ ತಡೆಯಲಾರದೆ, ನಮ್ಮ ಕ್ಲಬ್ಬಿನವನು ದೇಶಕ್ಕೆ ಆಡುತ್ತಾನೆ ಗೊತ್ತಾ ಎಂದು ನಿಮ್ಮ ಕಿವಿಯಲ್ಲಿ ಹೇಳಿದವಳು ನಾನೇ. ನೀವು ನನ್ನ ಕಡೆ ತಿರುಗಿ ನಕ್ಕಿರಿ. ಆಮೇಲೆ ಆಟ ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ. ನೀವು ಆನಂದದಲ್ಲಿ ಮೂಕರಾಗಿದ್ದೀರಿ ಎಂದುಕೊಂಡೆ. ಆ ಪತ್ರ ಬರುವುದನ್ನು ಕಾದು ಹಿಡಿಯಬೇಕು ಎಂದು ನೀವು ಆಗಲೇ ತೀರ್ಮಾನಿಸಿದ್ದಿರಾ, ಇಲ್ಲ ಪತ್ರ ಕೈಗೆ ಬಂದ ಮೇಲೆ ಬುದ್ಧಿ ಕೆಟ್ಟಿತಾ? ಇದಕ್ಕೆ ನನಗೆ ಉತ್ತರ ಬೇಕು.

ಆ ವರ್ಷ ನಮ್ಮ ಸ್ಥಿತಿ ಹೇಗಿತ್ತು ಎಂದು ನನಗೂ ನೆನಪಿದೆ. ಕೊನೆಯ ಪಂದ್ಯ ಗೆದ್ದರೆ ಎ ಡಿವಿಷನ್ನಿನಲ್ಲಿ ಉಳಿಯುತ್ತೇವೆ, ಡ್ರಾ ಆದರೂ ಬಿ ಡಿವಿಷನ್ನಿಗೆ ಬೀಳುತ್ತೇವೆ. ಏಪ್ರಿಲ್ ಇಪ್ಪತ್ತು, ಭಾನುವಾರ. ಇವರು ಹದಿನಾರಕ್ಕೆ ಕಲ್ಕತ್ತಾದಲ್ಲಿದ್ದರೆ ಇಪ್ಪತ್ತಕ್ಕೆ ನಮಗಿಲ್ಲ.

ಏಪ್ರಿಲ್‌ನ ಮೊದಲ ಎರಡು ವಾರ ಇವರು ದಿನಾ ಪ್ರಾಕ್ಟೀಸ್ ಮುಗಿಸಿ ಕ್ಲಬ್ಬಿನ ರೂಮಿಗೆ ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. "ಏನಾದ್ರೂ ಲೆಟರ್ ಬಂತಾ ಸಾರ್?" ನೀವು ಹೇಳುತ್ತಿದ್ದಿರಿ, "ಬಂದ್ರೆ ಮೊದಲು ನಿನ್ನ ಕೈಗೇ ಕೊಡ್ತೀನಲ್ಲಪ್ಪಾ." ಆ ಮಾತು ಹೇಳುವಾಗ ಪತ್ರ ನಿಮ್ಮ ಮೇಜಿನ ಖಾನೆಯಲ್ಲಿತ್ತು ಎಂದರು ಚಾಚಾ. ಎಷ್ಟು ದಿನ ಹೇಳಿದಿರಿ ಅಪ್ಪ, ಎಂಟು ದಿನ? ಹತ್ತು?

ಹದಿನೈದನೇ ತಾರೀಕು ಪೇಪರಿನಲ್ಲಿ ಪಟ್ಟಿ ಬಂತು. ಮೂವತ್ತು ಹೆಸರು, ಇವರದಿಲ್ಲ. ಹೋಟೆಲಿನ ಮೇಜಿನ ಮೇಲೆ ಪೇಪರ್ ಹರಡಿಕೊಂಡು ಮೇಲಿಂದ ಕೆಳಕ್ಕೆ ಮೂರು ಸಲ ಓದಿ, ಕಾಫಿ ಹಾಗೇ ಬಿಟ್ಟು ಎದ್ದರಂತೆ. ಸಂಜೆ ನೀವು ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದಿರಿ. "ಆ ಕ್ಯಾಂಪಲ್ಲಿ ನಮ್ಮಂಥೋರನ್ನ ಯಾರಪ್ಪಾ ಕೇಳ್ತಾರೆ? ಎಲ್ಲ ಬಂಗಾಳದೋರು, ಗೋವಾದೋರು. ನಮ್ಮ ಬೆಲೆ ನಮಗೆ ಗೊತ್ತು, ಬಾ." ನಾನು ಪಕ್ಕದಲ್ಲೇ ಇದ್ದೆ. ನಿಮ್ಮ ಕಣ್ಣಲ್ಲಿ ನೀರಿತ್ತು. ಆ ನೀರನ್ನು ನಾನು ಒಂಬತ್ತು ವರ್ಷ ನಂಬಿದ್ದೆ.

ಇಪ್ಪತ್ತನೇ ತಾರೀಕಿನ ಆಟ ನೆನೆಸಿಕೊಂಡರೆ ಈಗಲೂ ನನ್ನ ರೋಮ ನಿಲ್ಲುತ್ತದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಆಟ ಮುಗಿಯಲು ಆರು ನಿಮಿಷ ಇದ್ದಾಗ ಪೆನಾಲ್ಟಿ ಚೌಕದ ಹೊರಗೆ ಫ್ರೀ ಕಿಕ್ಕು. ಇವರು ಚೆಂಡು ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಸುತ್ತ ಎಲ್ಲೂ ನೋಡದೆ ಒದ್ದರು. ಗೋಲ್ ಕೀಪರ್ ಅಲ್ಲಾಡುವ ಮೊದಲೇ ಚೆಂಡು ಬಲೆಯೊಳಗೆ. ನಮ್ಮ ಇಡೀ ಗ್ಯಾಲರಿ ತಂತಿಬೇಲಿಯ ಮೇಲೆ ಬಿತ್ತು. ಆಟ ಮುಗಿದ ಮೇಲೆ ನೀವು, ಐವತ್ತೆರಡು ವರ್ಷದವರು, ಇವರನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನದ ಸುತ್ತ ಓಡಿದಿರಿ. ಅಲ್ಲಿಂದ ಹಲಸೂರಿನವರೆಗೆ ತಮಟೆ. ಎಂಟು ದಿನದ ಹಿಂದೆ ಆ ಹುಡುಗನ ಮೊಣಕಾಲು ಹೋಗಿದೆ ಎಂದು ಸಹಿ ಹಾಕಿದವರು, ಆ ಮೊಣಕಾಲುಗಳನ್ನೇ ಎದೆಗವಚಿ ಹಿಡಿದುಕೊಂಡು ಓಡಿದಿರಲ್ಲ. ಆಗ ನಿಮಗೆ ಏನನ್ನಿಸಿತು?

ಅದಾದ ತಿಂಗಳಿಗೆ ನಾನು ಹೆದರುತ್ತ ನಮ್ಮ ವಿಷಯ ಹೇಳಿದೆ. ಮನೆಯಲ್ಲಿ ಬಿರುಗಾಳಿ ಏಳುತ್ತದೆ ಎಂದುಕೊಂಡಿದ್ದೆ. ನಾವು ಹಲಸೂರಿನ ಹಳೇ ಮನೆತನ, ಅವರು ಗಾರೆ ಕೆಲಸಕ್ಕೆ ಬಂದವರು, ಜಾತಿ ಬೇರೆ, ಸೀಮೆ ಬೇರೆ. ದೊಡ್ಡಪ್ಪಂದಿರು ಮನೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ನೀವು ಒಂದು ದಿನವೂ ಹಿಂದೆ ಮುಂದೆ ನೋಡಲಿಲ್ಲ. "ನನ್ನ ಮಗಳಿಗೆ ಇವನಿಗಿಂತ ಒಳ್ಳೇ ಹುಡುಗ ಎಲ್ಲಿ ಸಿಗ್ತಾನೆ?" ಎಂದು ಸೋಮೇಶ್ವರನ ಗುಡಿಯಲ್ಲಿ ಎದೆಯುಬ್ಬಿಸಿ ನಿಂತು ಧಾರೆ ಎರೆದಿರಿ. ಶಾಲೆಯಲ್ಲಿ ಯಾರಾದರೂ ಜಾತಿಯ ಮಾತು ಎತ್ತಿದರೆ ನಾನು ನಿಮ್ಮ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಮ್ಮಪ್ಪ ಅಂಥವರು ಎನ್ನುತ್ತಿದ್ದೆ.

ಅದೇ ಬೇಸಿಗೆಯಲ್ಲಿ ಗೋವಾದ ಒಂದು ಕ್ಲಬ್ಬಿನವರು ಇವರನ್ನು ಕೇಳಿದ್ದರು. ಮದುವೆ ನಿಶ್ಚಯವಾಗಿದೆ, ಮಾವನವರ ಕ್ಲಬ್ಬು ಬಿಟ್ಟು ಬರಲಾರೆ ಎಂದು ಇವರು ಹೇಳಿ ಕಳಿಸಿದರು. ಈಗ ಹೇಳಿ ಅಪ್ಪ. ನನ್ನನ್ನು ಇವರಿಗೆ ಕೊಟ್ಟದ್ದು ಮಾಡಿದ ತಪ್ಪಿನ ಪ್ರಾಯಶ್ಚಿತ್ತಕ್ಕಾ? ಅಥವಾ ದನ ಕಟ್ಟಲು ಗೂಟ ಹೊಡೆಯುತ್ತಾರಲ್ಲ, ಹಾಗೆ ನನ್ನನ್ನು ಹೊಡೆದಿರಾ? ಪತ್ರ ಬಚ್ಚಿಟ್ಟದ್ದನ್ನು ಇವರು ಕ್ಷಮಿಸಬಹುದು, ಬಿಡಬಹುದು. ಇದು ನನ್ನ ಪಾಲಿನದು. ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ಹೆಮ್ಮೆಪಟ್ಟ ದಿನವನ್ನು ನೀವು ನನ್ನಿಂದ ಕಿತ್ತುಕೊಂಡಿರಿ.

ಇನ್ನು ಜಟ್ಟೆಮ್ಮನವರ ವಿಷಯ. ಮಗ ದೇಶಕ್ಕೆ ಆಡುತ್ತಾನೆ ಎಂದು ಕೇಳಿದ ಆ ಹೆಂಗಸು ಸುಮ್ಮನಿರಲು ಸಾಧ್ಯವಾ? ಕೆಲಸದ ಜಾಗದಲ್ಲಿ ಹೇಳಿದರು, ಕೋಣೆಯ ಸಾಲಿನಲ್ಲಿ ಹೇಳಿದರು, ಊರಿಗೆ ಹೋಗಿ ಅವರ ಅಣ್ಣ ಬಸಣ್ಣನವರ ಮನೆಯ ಕಟ್ಟೆಯ ಮೇಲೆ ಕೂತು ಇಡೀ ಓಣಿಗೆ ಹೇಳಿ ಬಂದರು. ಟಿವಿಯಲ್ಲಿ ಬರುತ್ತಾನೆ ಎಂದು ಊರವರು ಕಾದರು. ಬರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ, "ಏನ್ ಜಟ್ಟೆಮ್ಮ, ನಿನ್ನ ಮಗ ಯಾವ ದೇಶಕ್ಕ ಆಡ್ಲಿಕತ್ತಾನ?" ಎಂದು ನಕ್ಕರಂತೆ. ಆಕೆ ನಡುವೆಯೇ ಎದ್ದು ಬಸ್ಸು ಹತ್ತಿ ಬಂದುಬಿಟ್ಟರು. ಆಮೇಲೆ ಊರಿಗೆ ಹೋಗಲೇ ಇಲ್ಲ, ತಮ್ಮ ಅಣ್ಣನ ಮಗಳ ಮದುವೆಗೂ ಹೋಗಲಿಲ್ಲ.

ಮೂರು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಂಜಿ ಕುಡಿಸುತ್ತಿದ್ದ ನನ್ನ ಕೈ ಹಿಡಿದು, "ಯಾರೋ ಮಾತಿಗಂದದ್ದು ಇವಾ ಖರೇ ಅಂತ ನನಗ ಹೇಳ್ದ. ಸುಳ್ಳು ಹೇಳ್ದ. ಒಂದ್ ಸುಳ್ಳಿಗಿ ನಾ ಊರ ಕಳ್ಕೊಂಡೆ ನೋಡವ್ವ" ಎಂದರು. ಇವರು ಮಂಚದ ಕಾಲಿನ ಹತ್ತಿರ ನಿಂತಿದ್ದರು. ಕೇಳಿಸಿಕೊಂಡರು. ಏನೆಂದು ಉತ್ತರ ಕೊಟ್ಟಾರು? ಇವರಿಗೇ ಆ ಅನುಮಾನ ಇತ್ತು. ಆ ಆಯ್ಕೆದಾರ ನಿಜವಾಗಿ ಹಾಗೆ ಹೇಳಿದ್ದನಾ, ಇಲ್ಲ ನನಗೇ ಹಾಗೆ ಕೇಳಿಸಿತಾ ಎಂದು ಒಂದೆರಡು ಸಲ ನನ್ನನ್ನೇ ಕೇಳಿದ್ದುಂಟು. ಆಕೆ ಹಾಗೇ ಹೋದರು. ಪಂದ್ಯ ಸೋತರೆ ಮುಂದಿನ ವರ್ಷ ಗೆಲ್ಲಬಹುದು ಅಪ್ಪ. ಇದನ್ನು ಯಾವ ವರ್ಷ ಸರಿ ಮಾಡುತ್ತೀರಿ?

ನೀವು ನಮ್ಮ ಗ್ಯಾಲರಿಯನ್ನೂ ಕೆಡಿಸಿದಿರಿ. ದೇಶದ ತಂಡ ಎಂದರೆ ನಮ್ಮ ಹುಡುಗನಿಗೆ ಮೋಸ ಮಾಡಿದ ತಂಡ ಎಂದು ಎಲ್ಲರ ತಲೆಗೆ ತುಂಬಿದಿರಿ. ಕ್ಲಬ್ಬಿನ ರೂಮಿನಲ್ಲಿ ಅವರ ಆಟ ಬಂದರೆ ಟಿವಿ ಆರಿಸುತ್ತಿದ್ದಿರಿ. ನಾಲ್ಕು ವರ್ಷದ ಮೇಲೆ ದೇಶದ ತಂಡ ನಮ್ಮ ಕಂಠೀರವಕ್ಕೇ ಆಡಲು ಬಂದಾಗ ನಾವು ಸುಮಾರು ಇನ್ನೂರು ಜನ ಹಳದಿ ಅಂಗಿ ಹಾಕಿಕೊಂಡು ಹೋದೆವು, ಕೂಗಿ ಮಾನ ಕಳೆಯಲು. ಇವರ ಜಾಗದಲ್ಲಿ ಆಡುತ್ತಿದ್ದಾನೆ ಎಂದು ಆ ಲೆಫ್ಟ್ ಬ್ಯಾಕ್ ಹುಡುಗನಿಗೆ ಚೆಂಡು ಸಿಕ್ಕಾಗಲೆಲ್ಲ ನಾವು ಸಿಳ್ಳೆ ಹಾಕಿದೆವು. ನಾನೂ ಹಾಕಿದೆ, ಎಲ್ಲರಿಗಿಂತ ಜೋರಾಗಿ. ಪಾಪ, ಯಾರ ಮಗನೋ, ನಮಗೆ ಏನು ಮಾಡಿದ್ದ?

ಇವರು ನಮ್ಮ ಜೊತೆ ಬರಲಿಲ್ಲ. ಎದುರಿನ ಸ್ಟ್ಯಾಂಡಿನಲ್ಲಿ ಒಬ್ಬರೇ ಕೂತಿದ್ದರು. ಆಗ ಆಟದಲ್ಲಿ ಪೆಟ್ಟು ಬಿದ್ದು ಮೊಣಕಾಲು ಹೋಗಿ ಒಂದು ವರ್ಷವಾಗಿತ್ತು, ನೀವು ಬರೆಸಿದ್ದನ್ನು ದೇವರು ನಿಧಾನವಾಗಿ ನಿಜ ಮಾಡಿದ್ದ. ರಾಷ್ಟ್ರಗೀತೆಗೆ ಕೋಲೂರಿ ಎದ್ದು ನಿಂತರು. ಆ ಲೆಫ್ಟ್ ಬ್ಯಾಕು ಒಂದು ಚೆಂಡನ್ನು ಗೆರೆಯ ಮೇಲೆ ತಡೆದಾಗ ಇವರು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದದ್ದು ನನಗೆ ಈಚೆ ಸ್ಟ್ಯಾಂಡಿನಿಂದ ಕಾಣುತ್ತಿತ್ತು. ನಮ್ಮ ಜನರೂ ನೋಡಿದರು. ಯಾರೋ, "ನಾಚಿಕೆ ಇಲ್ವಾ ಗುರು, ನಿನ್ನ ಕರೀದೋರಿಗೆ ಚಪ್ಪಾಳೆ ಹೊಡೀತೀಯಾ?" ಎಂದು ಕೂಗಿದರು. ನೀವು ತಡೆಯಲಿಲ್ಲ. ಬೇರೆ ಕಡೆ ನೋಡುತ್ತ ಕೂತಿರಿ.

ಮನೆಗೆ ಬಂದ ಮೇಲೆ ನಾನೂ ಅದನ್ನೇ ಕೇಳಿದೆ, ನಿಮಗೆ ಮಾನ ಇಲ್ವಾ ಎಂದು. ಇವರು ಬೂಟಿನ ದಾರ ಬಿಚ್ಚುತ್ತ, "ಅವ್ರು ಕರೀಲಿಲ್ಲಂದ್ರ ಅದು ನಮ್ಮ ದೇಶ ಅಲ್ಲಂತೇನು?" ಎಂದರು. ಅಷ್ಟೇ. ಆ ವಾರವೆಲ್ಲ ನಾನು ಇವರ ಜೊತೆ ಮಾತು ಬಿಟ್ಟಿದ್ದೆ. ನಿಮಗೋಸ್ಕರ ನನ್ನ ಗಂಡನ ಜೊತೆ ಮಾತು ಬಿಟ್ಟಿದ್ದೆ ಅಪ್ಪ.

ಈಗ ಬುಧವಾರಕ್ಕೆ ಬರುತ್ತೇನೆ. ನೀವು ಜಗಲಿಯ ಮೇಲೆ ಪೇಪರ್ ಓದುತ್ತಿದ್ದಿರಿ. ಅಮ್ಮ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ನಾನು ಕಾರ್ಬನ್ ಪ್ರತಿಯನ್ನು ನಿಮ್ಮ ಪೇಪರಿನ ಮೇಲೆ ಇಟ್ಟೆ. ನೀವು ಅದನ್ನು ಪೂರ್ತಿ ಓದಿ, ಕನ್ನಡಕ ತೆಗೆದು, "ಸನಾವುಲ್ಲಾ ಇದನ್ನ ಇನ್ನೂ ಇಟ್ಕೊಂಡಿದ್ನಾ?" ಎಂದಿರಿ. ಒಂಬತ್ತು ವರ್ಷದ ಮೇಲೆ ನಿಮ್ಮ ಬಾಯಿಂದ ಬಂದ ಮೊದಲ ಮಾತು ಅದು.

ಆಮೇಲೆ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ನೆನಪಿಟ್ಟಿದ್ದೇನೆ. "ದೇಶಕ್ಕೆ ನೂರು ಕೋಟಿ ಜನ ಇದ್ದಾರೆ. ಒಬ್ಬ ಲೆಫ್ಟ್ ಬ್ಯಾಕ್ ಇಲ್ಲಾಂದ್ರೆ ಇನ್ನೊಬ್ಬ ಸಿಗ್ತಾನೆ. ನಮ್ಮ ಕ್ಲಬ್ಬಿಗೆ ಇರೋದೇ ನಾನೂರು ಜನ. ಅವತ್ತು ಬಿದ್ದಿದ್ರೆ ಆ ನಾನೂರು ಜನ ಮಾರನೇ ವರ್ಷ ಬರ್ತಿದ್ರಾ? ಬಾಗಿಲು ಹಾಕ್ಕೊಂಡು ಹೋಗ್ತಿದ್ವಿ. ನಮ್ಮಪ್ಪ ಕಟ್ಟಿದ್ದು ಹಂಸಾ ಅದು."

ಆ ನಾನೂರರಲ್ಲಿ ನಾನೂ ಒಬ್ಬಳು. ಅವತ್ತು ಸೋತಿದ್ದರೆ ನಾನು ಎಷ್ಟು ದಿನ ಊಟ ಬಿಡುತ್ತಿದ್ದೆ ಎಂದು ನನಗೆ ಗೊತ್ತು. ಒಂದು ಪಂದ್ಯಕ್ಕೋಸ್ಕರ ಸ್ವಲ್ಪ ದಿನ ಪತ್ರ ಬಚ್ಚಿಟ್ಟೆ ಎಂದಿದ್ದರೆ, ಬಹುಶಃ ಅತ್ತು, ಬೈದು, ಕ್ಷಮಿಸಿಬಿಡುತ್ತಿದ್ದೆ.

ಹಾಗಾಗಿ ಎರಡನೇ ಸಾಲು ಯಾಕೆ ಬರೆಸಿದಿರಿ ಎಂದು ಕೇಳಿದೆ. ಮೊಣಕಾಲು ಆರು ವಾರದಲ್ಲಿ ವಾಸಿಯಾಗುತ್ತಿತ್ತು, ಮತ್ತೆ ಕರೆಯುತ್ತಿದ್ದರು. ಇಚ್ಛೆ ಇಲ್ಲ ಎಂದು ಯಾಕೆ ಬರೆಸಿದಿರಿ?

ಆಗ ನೀವು ದನಿ ಎತ್ತಿದಿರಿ. "ಅವನನ್ನ ಬಯಲಿಂದ ಎತ್ಕೊಂಡು ಬಂದೋನು ನಾನು! ಒಂದ್ಸಲ ಹೋಗಿದ್ರೆ ವಾಪಸ್ ಬರ್ತಿದ್ನಾ? ಅಲ್ಲೇ ಯಾರಾದ್ರೂ ಹಿಡ್ಕೊಳ್ತಿದ್ರು. ಅವನ ಹಿಂದೆ ನೀನೂ ಹೋಗ್ತಿದ್ದೆ!"

ನಮ್ಮಿಬ್ಬರ ವಿಷಯ ಆಗಲೇ ನಿಮಗೆ ಗೊತ್ತಿತ್ತು ಎಂದು ಆ ಒಂದು ಮಾತಿನಿಂದ ತಿಳಿಯಿತು. ನಾನು ಹೆದರುತ್ತ ಹೇಳಿದ ದಿನ ನೀವು ಆಶ್ಚರ್ಯಪಟ್ಟದ್ದೂ ಸುಳ್ಳು. ಅಮ್ಮನ ಕಡೆ ನೋಡಿದೆ. ಅವಳು ಸೊಪ್ಪಿನಿಂದ ಕಣ್ಣೆತ್ತದೆ, "ಆಗಿದ್ದು ಆಗ್ಹೋಯ್ತು ಬಿಡಮ್ಮಾ" ಎಂದಳು. ಹಾಗಾದರೆ ಅವಳಿಗೂ ಗೊತ್ತಿತ್ತು. ಇವರ ತಟ್ಟೆಗೆ ಮುದ್ದೆ ಹಾಕುತ್ತ, ಅಳಿಯಂದಿರೇ ಎಂದು ಕರೆಯುತ್ತ, ಒಂಬತ್ತು ವರ್ಷ. ನನ್ನ ತವರಿನಲ್ಲಿ ಆ ಸುಳ್ಳು ಗೊತ್ತಿಲ್ಲದವಳು ನಾನೊಬ್ಬಳೇ.

ನಿಮ್ಮನ್ನು ಕ್ಷಮಿಸುವ ಮಾತು ಈಗ ನನ್ನಲ್ಲಿಲ್ಲ. ಎರಡು ಕೆಲಸ ಮಾಡಿ. ಇವರ ಮುಂದೆ ಕೂತು, ನಿಮ್ಮ ಬಾಯಿಂದಲೇ ಎಲ್ಲ ಹೇಳಿ. ಕ್ಲಬ್ಬಿನ ಕಥೆ, ನೂರು ಕೋಟಿಯ ಲೆಕ್ಕ, ಯಾವುದನ್ನೂ ಮುಂದೆ ಇಡಬೇಡಿ. ಮಾಡಿದ್ದನ್ನು ಮಾತ್ರ ಹೇಳಿ. ಅದಾದ ಮೇಲೆ ಫೆಡರೇಷನ್ನಿನ ಆ ಪತ್ರ ತೆಗೆದುಕೊಂಡು ಶಹಾಪುರದ ಬಸ್ಸು ಹತ್ತಿ. ಅಲ್ಲಿ ಇಳಿದ ಮೇಲೆ ಬಸಣ್ಣನವರ ಊರಿಗೆ ಹೋಗುವ ದಾರಿ ನಾನು ಬರೆದುಕೊಡುತ್ತೇನೆ. ಅವರ ಮನೆಯ ಕಟ್ಟೆಯ ಮೇಲೆ ಕೂತು, ಓಣಿಯವರನ್ನು ಕರೆದು, ಜಟ್ಟೆಮ್ಮನ ಮಗ ಸುಳ್ಳು ಹೇಳಿರಲಿಲ್ಲ ಎಂದು ಓದಿ ಹೇಳಿ. ನಿಮಗೆ ಅರವತ್ತೊಂದು ವರ್ಷ, ಸೊಂಟ ನೋವು, ರಾತ್ರಿಯಿಡೀ ಬಸ್ಸು. ಎಲ್ಲ ಗೊತ್ತು. ಆದರೂ ಹೋಗಿ. ಆಕೆ ಇಲ್ಲ, ಆದರೆ ನಕ್ಕವರು ಇನ್ನೂ ಅಲ್ಲೇ ಇದ್ದಾರೆ.

ಈ ಎರಡೂ ಆಗುವವರೆಗೆ ನಾನು ಹಲಸೂರಿನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಗೌರಿಹಬ್ಬದ ಬಾಗಿನ ತಡವಾಯಿತು ಎಂದು ಮೊನ್ನೆ ಕಳಿಸಿದ್ದಿರಿ, ಅದು ಕಟ್ಟಿದ ಹಾಗೇ ದೇವರ ಗೂಡಿನಲ್ಲಿದೆ. ಬಿಚ್ಚಿಲ್ಲ.

ಅಮ್ಮನಿಗೆ ಬಿಪಿ ಮಾತ್ರೆ ತಪ್ಪಿಸಬೇಡ ಎಂದು ಹೇಳಿ.

ಇಷ್ಟೆಲ್ಲ ಆದರೂ ನಿಮ್ಮ ಮಗಳೇ ಆಗಿ ಉಳಿದಿರುವ,
ಹಂಸ

ಮರೆತ ಮಾತು: ಇದನ್ನು ಇವತ್ತೇ ಡಬ್ಬಿಗೆ ಹಾಕುತ್ತೇನೆ, ಶನಿವಾರ ನಿಮ್ಮ ಕೈಸೇರುತ್ತದೆ. ಓದಿದ ತಕ್ಷಣ ಆಟೋ ಹತ್ತಿ ಬರಬೇಡಿ. ಇವರಿಗೆ ಇನ್ನೂ ಏನೂ ಗೊತ್ತಿಲ್ಲ. ಒಂಬತ್ತು ದಿನದಿಂದ ಆ ಎರಡೂ ಹಾಳೆಗಳು ನನ್ನ ಸೀರೆಗಳ ಅಡಿಯಲ್ಲಿವೆ. ದಿನಾ ಸಂಜೆ ಹೇಳಬೇಕೆಂದು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಇವರು ನೆಲದ ಮೇಲೆ ಬಳಪದಿಂದ ಗೆರೆ ಎಳೆದು, ಯಾವ ಹುಡುಗನನ್ನು ಎಲ್ಲಿ ನಿಲ್ಲಿಸಬೇಕು ಎಂದು ನನ್ನನ್ನು ಕೇಳುತ್ತಾರೆ. ಈ ವರ್ಷ ತಂಡಕ್ಕೆ ಕೋಚ್ ಇವರೇ ಅಲ್ಲವಾ. ಭಾನುವಾರ ಕೊನೆಯ ಪಂದ್ಯ, ಗೆಲ್ಲದಿದ್ದರೆ ಬಿ ಡಿವಿಷನ್. ವಿಷಯ ತಿಳಿದರೆ ಇವರು ಮತ್ತೆ ಆ ಮೈದಾನದ ಗೆರೆಯ ಹತ್ತಿರ ಬಂದು ನಿಲ್ಲುವುದಿಲ್ಲ. ಇವರು ನಿಲ್ಲದಿದ್ದರೆ ನಾವು ಗೆಲ್ಲುವುದಿಲ್ಲ. ಪಂದ್ಯ ಒಂದು ಮುಗಿದುಹೋಗಲಿ ಎಂದು ಕಾಯುತ್ತಿದ್ದೇನೆ. ಮೇಲೆ ನಿಮಗೆ ಬರೆದದ್ದನ್ನೆಲ್ಲ ಈಗಷ್ಟೇ ಇನ್ನೊಮ್ಮೆ ಓದಿದೆ, ಅದರಲ್ಲಿ ಅರ್ಧ ನನಗೂ ಸೇರಬೇಕು. ಆದರೂ ಭಾನುವಾರ ಬೇಡ ಅಪ್ಪ. ಸೋಮವಾರ ಬನ್ನಿ.